ಸರಳಬಡ್ಡಿಯ ಮಳೆಗಾಲ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಾನೀಗ ಕೆಲಸ ಮಾಡುವ ಕಾರ್ಖಾನೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ತಯಾರಾಗುತ್ತವೆ. ಅವುಗಳಲ್ಲಿ ಇರಬಾರದ ಬ್ಯಾಕ್ಟೀರಿಯಾ ಇವೆಯೋ ಇಲ್ಲವೋ ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಇದ್ದರೆ ಇವೆ, ಇಲ್ಲದಿದ್ದರೆ ಇಲ್ಲ. ಅವು ಹೇಗೆ ಬೆಳೆದವು, ಯಾವ ಲೆಕ್ಕದಲ್ಲಿ ಬೆಳೆದವು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ನನಗೂ ಕೇಳುವವರು ಬೇಕಾಗಿರಲಿಲ್ಲ. ಕಳೆದ ವಾರ ಮಳೆ ಹಿಡಿದುಕೊಂಡಿದ್ದರಿಂದ ಕಿಟಕಿ ಮುಚ್ಚಿದ್ದೆ. ಆಟೋಕ್ಲೇವಿನ, ಅಂದರೆ ನಮ್ಮ ಆ ದೊಡ್ಡ ಕುಕ್ಕರಿನ, ಮುಚ್ಚಳ ತೆಗೆದಾಗ ಯೀಸ್ಟಿನ ಸಾರಿನ ಬಿಸಿ ವಾಸನೆ ಕೋಣೆ ತುಂಬಿಕೊಂಡಿತು. ಬ್ಯಾಕ್ಟೀರಿಯಾಗಳಿಗೆ ಉಣ್ಣಲು ಕೊಡುವ ಆ ಸಾರು ಹಳಸಲು ಹತ್ತಿದ ಬೇಳೆಕಟ್ಟಿನಂತೆ ನಾರುತ್ತದೆ. ದಿನವೂ ಮೂಗಿಗೆ ಬೀಳುವ ವಾಸನೆಯೇ. ಆದರೆ ಆವತ್ತು ಮೂಲೆಯಲ್ಲಿಟ್ಟ ಒದ್ದೆ ಕೊಡೆಯ ವಾಸನೆಯೂ ಅದರೊಳಗೆ ಸೇರಿತು ನೋಡಿ, ಧಾರವಾಡದ ಆ ಮಳೆಗಾಲ ಒಮ್ಮೆಲೇ ನೆನಪಾಗಿ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಆ ವರ್ಷ ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಅದಕ್ಕೂ ಹಿಂದಿನ ಹಲವು ವರ್ಷ ಅದನ್ನೇ ಮಾಡುತ್ತಿದ್ದೆ. ಮದುವೆಮನೆಗಳಲ್ಲಿ ನೆಂಟರು "ಸುನಂದಾ ಈಗ ಏನ್ ಮಾಡತಾಳ್ರಿ?" ಎಂದು ಕೇಳಿದರೆ ನಮ್ಮವ್ವ "ಮಾಡಾಕತ್ತಾಳ್ರಿ" ಎಂದಷ್ಟೇ ಹೇಳಿ ತಾಟಿಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದಳು. ನೋಂದಣಿಯ ಅವಧಿ ಮುಗಿದು, ವಿಸ್ತರಣೆ ಸಿಕ್ಕು, ಆ ವಿಸ್ತರಣೆಯೂ ಶ್ರಾವಣದ ಹೊತ್ತಿಗೆ ಮುಗಿಯುವುದಿತ್ತು. ಅದರ ಮುಂದೆ ಕೇಳಿದರೆ ಕೊಡುವವರಿಲ್ಲ. ಅದೇ ಹೊತ್ತಿಗೆ ನನ್ನ ಮಾರ್ಗದರ್ಶಕರಾದ ಶಿವಬಸಪ್ಪ ಸರ್ ನಿವೃತ್ತರಾಗುವವರಿದ್ದರು. ಹೀಗಾಗಿ ನನ್ನ ಡಿಗ್ರಿ ಮತ್ತು ಅವರ ನೌಕರಿ ಒಂದೇ ಗಾಡಿಯ ಎರಡು ಗಾಲಿಗಳಾಗಿದ್ದವು. ಆ ಗಾಡಿ ಸಾಗಬೇಕೆಂದರೆ ಒಂದೇ ಒಂದು ಅಧ್ಯಾಯ ಬರೆದು ಮುಗಿಯಬೇಕಿತ್ತು.

ಸರ್ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯವರು. ಒಕ್ಕಲುತನದ ಮನೆತನ, ಇವರೊಬ್ಬರು ಓದಿ ಧಾರವಾಡ ಸೇರಿದ್ದರು. ಹಣೆಯ ಮೇಲೆ ವಿಭೂತಿ, ಅಂಗಿಯ ಜೇಬಿನಲ್ಲಿ ಯಾವಾಗಲೂ ಚೂಪು ಮಾಡಿದ ಪೆನ್ಸಿಲ್. ಇವರಿಗೆ ಒಂದು ಹುಚ್ಚಿತ್ತು. ಪುಸ್ತಕಗಳೆಲ್ಲ ಹೇಳುವುದೇನೆಂದರೆ, ಬ್ಯಾಕ್ಟೀರಿಯಾದ ಒಂದೊಂದು ಕೋಶವೂ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ, ಅಂದರೆ ದೊಡ್ಡದಾದಷ್ಟೂ ಜೋರಾಗಿ ಬೆಳೆಯುತ್ತ ಹೋಗಿ ಕೊನೆಗೆ ಒಡೆದು ಎರಡಾಗುತ್ತದೆ. ಸರ್ ಇದನ್ನು ಒಪ್ಪುತ್ತಿರಲಿಲ್ಲ. ಕೋಶ ಬೆಳೆಯುವುದು ಸರಳಬಡ್ಡಿಯ ಹಾಗೆ, ಸಣ್ಣದಿರಲಿ ದೊಡ್ಡದಿರಲಿ ನಿಮಿಷಕ್ಕೆ ಇಷ್ಟೇ ಉದ್ದ ಎಂದು ಹೆಚ್ಚುತ್ತದೆ, ಎಂಬುದು ಅವರ ವಾದ. ತರುಣರಿದ್ದಾಗ ಯಾವುದೋ ಸಮ್ಮೇಳನದಲ್ಲಿ ಎದ್ದು ನಿಂತು ಹಾಗೆ ಹೇಳಿ ನಗೆಪಾಟಲಾಗಿದ್ದರಂತೆ. ಅಂದಿನಿಂದ ವಿಭಾಗದಲ್ಲಿ ಅವರಿಗೆ 'ಸರಳಬಡ್ಡಿ ಮಾಸ್ತರ' ಎಂಬ ಹೆಸರು ಬಿತ್ತು. ಎದುರಿಗೇ ಕರೆದರೂ ಅವರು ಸಿಟ್ಟಾಗುತ್ತಿರಲಿಲ್ಲ. "ಕರೀರಿ ಕರೀರಿ, ಅಸಲು ನನ್ನ ಹಂತ್ಯಾಕೇ ಐತಿ" ಎನ್ನುತ್ತಿದ್ದರು. ಪ್ರಮಾಣ ತೋರಿಸಲು ಮಾತ್ರ ಅವರ ಹತ್ತಿರ ಏನೂ ಇರಲಿಲ್ಲ. ಒಂದೊಂದೇ ಕೋಶವನ್ನು ಹುಟ್ಟಿನಿಂದ ಒಡೆಯುವವರೆಗೆ ಕಾದು ಅಳೆಯುವ ಯಂತ್ರ ನಮ್ಮ ಕಡೆ ಎಲ್ಲಿಂದ ಬರಬೇಕು?

ಅದು ಬಂದದ್ದು ಅವರ ನೌಕರಿಯ ಕಡೆಗಾಲದಲ್ಲಿ. ಅನುದಾನ ಮಂಜೂರಾಗಿ ಒಂದು ಛಲೋ ಮೈಕ್ರೋಸ್ಕೋಪ್, ಅದಕ್ಕೊಂದು ಕ್ಯಾಮೆರಾ ಬಂದವು. ಬಿಸಿ ಒಂದೇ ಸಮ ಇರಲೆಂದು ಸುತ್ತ ಗಾಜಿನ ಪೆಟ್ಟಿಗೆ ಕಟ್ಟಿದರು. ಕೂದಲಿಗಿಂತ ಸಣ್ಣ ಓಣಿಗಳಿರುವ ಮೆತ್ತನೆಯ ಪ್ಲಾಸ್ಟಿಕ್ ಚೂರಿನಲ್ಲಿ ಕೋಶಗಳನ್ನು ಸಾಲಾಗಿ ಕೂಡಿಸಿ, ಒಂದು ಕಡೆಯಿಂದ ಸಾರು ಹರಿಸುತ್ತ, ಮೇಲಿಂದ ಮೇಲೆ ಫೋಟೋ ತೆಗೆಯುವುದು. ಕಂಪ್ಯೂಟರು ಉದ್ದ ಅಳೆಯುತ್ತಿತ್ತು. ಎಷ್ಟೋ ಸಲ ಎರಡು ಕೋಶಗಳನ್ನು ಒಂದೇ ಎಂದು ತಿಳಿಯುತ್ತಿತ್ತು, ಅದನ್ನು ನಾನು ಕೂತು ಬಿಡಿಸಬೇಕು. ಕರೆಂಟು ಹೋದರೆ ಪೆಟ್ಟಿಗೆ ತಣ್ಣಗಾಗಿ ಆ ಸಲದ ಕೋಶಗಳ ಇಡೀ ತಂಡ ಕೆಟ್ಟುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಧಾರವಾಡದಲ್ಲಿ ಮುಗಿಲು ಒಮ್ಮೆ ಗುಡುಗಿದರೆ ಸಾಕು, ಕರೆಂಟು ಹೋಗಲು ನೆವ ಸಿಕ್ಕಂತೆ. ನನ್ನ ಹರೆಯದ ವರ್ಷಗಳು ಆ ಓಣಿಗಳನ್ನು ಇಣುಕುವುದರಲ್ಲೇ ಹೋದವು. ಅದನ್ನು ದುಃಖದಿಂದ ಹೇಳುತ್ತಿಲ್ಲ, ಆಗ ನಾನು ಸುಖವಾಗಿಯೇ ಇದ್ದೆ.

ಲೆಕ್ಕಕ್ಕೆ ಕೂತಾಗ ಸರ್ ಹಾಕಿಕೊಟ್ಟ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, "ಕಾಲ ಯಾವತ್ತೂ ಕೆಳಗ ಇರಬೇಕು." ಅಂದರೆ ಗ್ರಾಫಿನಲ್ಲಿ ಕಾಲವನ್ನು ಅಡ್ಡಗೆರೆಯ ಮೇಲೇ ಇಡಬೇಕು, ಬೆಳವಣಿಗೆ ಎದ್ದುನಿಂತ ಗೆರೆಯ ಮೇಲೆ. ಅವರ ಸಾಲಿ ಮಾಸ್ತರರು ಹಾಗೆ ಕಲಿಸಿದ್ದರು, ಅವರು ನಮಗೆ ಕಲಿಸಿದರು. ಎರಡನೆಯದು, "ಚುಕ್ಕಿ ತೋರಿಸಬಾರದು, ಡಬ್ಬಿ ತೋರಿಸಬೇಕು." ಒಂದು ಕೋಶಕ್ಕೆ ಒಂದು ಚುಕ್ಕೆ ಇಡುತ್ತ ಹೋದರೆ ಸಂಜೆಯ ಗುಂಗಾಡು ಸೊಳ್ಳೆಗಳ ಗುಂಪಿನಂತೆ ಕಾಣುತ್ತದೆ, ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಬೇಗ ಒಡೆದ ಕೋಶಗಳನ್ನು ಒಂದು ಗುಂಪು, ಸ್ವಲ್ಪ ತಡವಾದವನ್ನು ಇನ್ನೊಂದು, ಬಹಳ ತಡವಾದವನ್ನು ಮತ್ತೊಂದು ಎಂದು ವಿಂಗಡಿಸಿ, ಒಂದೊಂದು ಗುಂಪಿನ ಸರಾಸರಿ ತೆಗೆದು, ಆ ಸರಾಸರಿಗಳ ನಡುವೆ ಕಂಪ್ಯೂಟರಿನಿಂದ ಒಂದು ನೆಟ್ಟಗಿನ ಗೆರೆ ಎಳೆಸಬೇಕು. ಆ ಗುಂಪುಗಳಿಗೆ ನಮ್ಮ ಲ್ಯಾಬಿನಲ್ಲಿ ಡಬ್ಬಿ ಎಂದೇ ಹೆಸರು. ಸರ್ ಆ ಗೆರೆಗೆ ಗೆರಿ ಅನ್ನುತ್ತಿದ್ದರು, ಪುಸ್ತಕ ರಿಗ್ರೆಶನ್ ಅನ್ನುತ್ತಿತ್ತು.

ಗೆರೆಯ ಅರ್ಥ ಇಷ್ಟೇ. ಒಂದು ಕೋಶ ಎಷ್ಟು ಹೊತ್ತು ಬದುಕಿತು, ಅಷ್ಟರಲ್ಲಿ ತನ್ನ ಎಷ್ಟು ಪಟ್ಟು ಆಯಿತು ಎಂಬುದನ್ನು ತಕ್ಕ ಅಳತೆಯಲ್ಲಿ ಎದುರುಬದುರು ಇಟ್ಟರೆ, ಚಕ್ರಬಡ್ಡಿಯಾಗಿದ್ದಲ್ಲಿ ಗೆರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೆಟ್ಟಗೆ ಏರಬೇಕು. ಅದು ಅಷ್ಟು ಏರದೆ ಮಲಗಿದರೆ, ಹೆಚ್ಚು ಹೊತ್ತು ಬದುಕಿದ ಕೋಶ ಆ ಹೊತ್ತಿಗೆ ತಕ್ಕಷ್ಟು ಬೆಳೆದಿಲ್ಲ, ತನ್ನ ಗಾತ್ರಕ್ಕೆ ಹೋಲಿಸಿದರೆ ಬರಬರುತ್ತ ನಿಧಾನವಾಗಿದೆ ಎಂದಾಗುತ್ತದೆ. ಸರಳಬಡ್ಡಿಯ ಲಕ್ಷಣವೇ ಅದು.

ಮೇ ತಿಂಗಳ ಕೊನೆಗೆ ಅಡ್ಡಮಳೆ ಬಿದ್ದು ಕೆಮ್ಮಣ್ಣಿನ ದಾರಿಗಳೆಲ್ಲ ರಾಡಿಯಾಗಿದ್ದ ಒಂದು ಮಧ್ಯಾಹ್ನ, ನಮ್ಮ ಗೆರೆ ಮಲಗಿತು. ಸ್ವಲ್ಪವಲ್ಲ, ಯಾರ ಕಣ್ಣಿಗೂ ಕಾಣುವಷ್ಟು. ಸರ್ ಪೆನ್ಸಿಲನ್ನು ಪರದೆಯ ಮೇಲೆ ಇಟ್ಟು ಓರೆ ಅಳೆದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಅಳೆದರು. ಆಮೇಲೆ ಹೊರಗೆ ಹೋಗಿ, ಗೇಟಿನ ಎದುರಿನ ಅಂಗಡಿಯಿಂದ ಇಡೀ ವಿಭಾಗಕ್ಕೆ ಗಿರ್ಮಿಟ್, ಮಿರ್ಚಿ ತಂದರು. ಸರಳಬಡ್ಡಿ ಎಂದು ನಗುತ್ತಿದ್ದವರಿಗೂ ಕೈಯಾರೆ ಕಾಗದದ ಪೊಟ್ಟಣ ಕೊಟ್ಟರು. "ಏನ್ರಿ ಸರ್, ವಿಶೇಷ?" ಎಂದು ಯಾರೋ ಕೇಳಿದ್ದಕ್ಕೆ "ಬಡ್ಡಿ ಬಂತರಿ" ಎಂದರು. ಆ ದಿನ ಅವರ ಮುಖ ನೋಡಿದವರು ಅವರಿಗೆ ಇನ್ನೂ ಇಪ್ಪತ್ತು ವರ್ಷ ನೌಕರಿ ಇದೆ ಎಂದುಕೊಳ್ಳಬೇಕು. ನನಗೂ ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದು ಬಂದಂತೆಯೇ ಅನ್ನಿಸಿತ್ತು. ಮನೆಗೆ ಹೋಗಿ ಅವ್ವನಿಗೆ, "ಇನ್ನ ಮ್ಯಾಲ ಮಾಡಾಕತ್ತಾಳ ಅನಬ್ಯಾಡ" ಎಂದೆ.

ಜೂನಿನಲ್ಲಿ ಮಿರಗದ ಮಳೆ ಸರಿಯಾಗಿ ಹಿಡಿದ ಮೇಲೆ ಅಧ್ಯಾಯ ಬರೆಯಲು ಕೂತೆ. ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಉಣಕಲ್ ಕೆರೆ ದಾಟಿದ ಮೇಲೆ ಬಸ್ಸು ಎತ್ತಿನಗಾಡಿಯ ಹಾಗೆ ನಡೆಯಿತು. ಮಳೆಗೆ ಮುಂದಿನದು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೋರ್ಟಿನ ಕೆಲಸಕ್ಕೆ ಹೊರಟವಳು. "ನಿನ್ನಿ ಬಸ್ಸ ಎಷ್ಟ ಲಗೂ ಮುಟ್ಟಿತ್ತರಿ, ಇವತ್ತ ನೋಡ್ರಿ, ದಾರಿ ಅಷ್ಟ ಐತಿ, ಹೊತ್ತ ಮಾತ್ರ ಎರಡರಷ್ಟು" ಎಂದು ತನ್ನಷ್ಟಕ್ಕೆ ಗೊಣಗಿದಳು. ಎಲ್ಲರೂ ಗೊಣಗುವ ಮಾತೇ. ನಾನು ಹೂಂ ಎಂದೆ. ಹೂಂ ಎಂದವಳಿಗೆ ಒಮ್ಮೆಲೇ ನಮ್ಮ ಮಲಗಿದ ಗೆರೆ ನೆನಪಾಯಿತು.

ಯಾಕೆಂದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಲ್ಲ ಬಸ್ಸಿಗೂ ದಾರಿ ಒಂದೇ, ಹೊತ್ತು ಮಾತ್ರ ಬೇರೆ ಬೇರೆ. ಲಗೂ ಮುಟ್ಟಿದ ಬಸ್ಸುಗಳನ್ನು ಒಂದು ಡಬ್ಬಿಗೆ, ತಡವಾದವನ್ನು ಇನ್ನೊಂದು ಡಬ್ಬಿಗೆ ಹಾಕಿ, ಸರ್ ಹೇಳಿದಂತೆ ಕಾಲವನ್ನು ಕೆಳಗಿಟ್ಟು ದೂರವನ್ನು ಮೇಲಿಟ್ಟು ಗೆರೆ ಎಳೆದರೆ, ಆ ಗೆರೆ ಪೂರ್ತಿ ಮಲಗುತ್ತದೆ. ಅದನ್ನು ನೋಡಿದವರು, ಬಸ್ಸು ಓಡಿದಷ್ಟೂ ನಿಧಾನವಾಗುತ್ತ ಹೋಗುತ್ತದೆ ಎನ್ನಬೇಕಾಗುತ್ತದೆ. ಹಾಗೇನೂ ಇಲ್ಲ. ನಿಧಾನದ ಬಸ್ಸು ಹೊರಟಾಗಿನಿಂದಲೂ ನಿಧಾನವೇ, ಅದಕ್ಕೇ ಅದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ನಮ್ಮ ಕೋಶಗಳೂ ಅಷ್ಟೇ. ಚುರುಕಾಗಿರಲಿ ಮಂದವಾಗಿರಲಿ, ಹೆಚ್ಚುಕಡಿಮೆ ಎರಡು ಪಟ್ಟಾದ ಮೇಲೆ ಒಡೆಯುತ್ತವೆ. ಹೊತ್ತನ್ನು ನೋಡಿ ಡಬ್ಬಿಗೆ ಹಾಕಿದಾಗ, ತಡವಾದವರ ಡಬ್ಬಿಯಲ್ಲಿ ಹುಟ್ಟಿನಿಂದಲೇ ಮಂದವಾದವುಗಳನ್ನೆಲ್ಲ ನಾವೇ ಆರಿಸಿ ತುಂಬಿದ್ದೆವು. ಗೆರೆ ಮಲಗಿದ್ದು ಕೋಶಗಳಿಂದ ಅಲ್ಲ, ಡಬ್ಬಿಯಿಂದ.

ಇಳಿದು ಲ್ಯಾಬಿಗೆ ಹೋದವಳು ಕೊಡೆ ಮಡಚದೆ ಕಂಪ್ಯೂಟರ್ ತೆರೆದೆ. ಕಾಲವನ್ನು ಮೇಲೆ ಹಾಕಿ, ಬೆಳವಣಿಗೆಯನ್ನು ಕೆಳಗೆ ಹಾಕಿದೆ. ಡಬ್ಬಿಗಳನ್ನು ಈಗ ಬೆಳವಣಿಗೆಯ ಪ್ರಕಾರ ಮಾಡಿದೆ. ಅದೇ ಕೋಶಗಳು, ಅದೇ ಅಳತೆ. ಗೆರೆ ಎದ್ದು ಮೂಲೆಯಿಂದ ಮೂಲೆಗೆ ನೆಟ್ಟಗೆ ನಿಂತಿತು. ಚಕ್ರಬಡ್ಡಿ. ಇಷ್ಟು ವರ್ಷಗಳಲ್ಲಿ ಯಾರಿಗೂ ಇದನ್ನು ಒಮ್ಮೆ ಬುಡಮೇಲು ಮಾಡಿ ನೋಡೋಣ ಎಂದು ಅನ್ನಿಸಿರಲಿಲ್ಲ, ಕಾಲ ಕೆಳಗೇ ಇರಬೇಕಲ್ಲ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಒಪ್ಪಬಾರದು ಎಂದು ನಾನೇ ಅದಕ್ಕೆ ಹೇಳುತ್ತಿದ್ದೆ. ಕೊನೆಯ ಪರೀಕ್ಷೆ ಎಂದು ಕಂಪ್ಯೂಟರಿನಲ್ಲಿ ಸುಳ್ಳು ಕೋಶಗಳನ್ನು ಹುಟ್ಟಿಸಿದೆ. ಒಂದೊಂದಕ್ಕೂ ಸ್ವಲ್ಪ ಹೆಚ್ಚುಕಡಿಮೆ ವೇಗ ಕೊಟ್ಟೆ, ಆದರೆ ಎಲ್ಲವನ್ನೂ ಚಕ್ರಬಡ್ಡಿಯಲ್ಲೇ ಬೆಳೆಸಿದೆ, ಎರಡು ಪಟ್ಟಿನ ಹತ್ತಿರ ಬಂದಾಗ ಒಡೆಸಿದೆ. ಆಮೇಲೆ ಸರ್ ಅವರ ಕಟ್ಟಳೆಯಂತೆ ಕಾಲ ಕೆಳಗೆ, ಡಬ್ಬಿ, ಸರಾಸರಿ, ಗೆರೆ. ಈ ಕೋಶಗಳಲ್ಲಿ ಸರಳಬಡ್ಡಿ ಹೆಸರಿಗೂ ಇಲ್ಲ, ಹಾಕಿದವಳು ನಾನೇ, ನನಗೆ ಗೊತ್ತು. ಇವುಗಳ ಗೆರೆ ಮಲಗದಿದ್ದರೆ ನಾವು ಬದುಕಿದೆವು ಎಂದುಕೊಂಡು ಗುಂಡಿ ಒತ್ತಿದೆ.

ಮಲಗಿತು. ಮೇ ತಿಂಗಳಲ್ಲಿ ಮಲಗಿದ್ದಷ್ಟೇ ಮಲಗಿತು.

ಪ್ರಿಂಟರು ಇದ್ದದ್ದು ಸರ್ ಅವರ ಕೋಣೆಯಲ್ಲಿ. ಮೇ ತಿಂಗಳ ಗೆರೆ, ಈ ಸುಳ್ಳು ಕೋಶಗಳ ಗೆರೆ, ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹೇಗೆ ಹೇಳಬೇಕು ಎಂದು ಯೋಚಿಸೋಣವೆಂದು ಮುದ್ರಿಸಲು ಕಳಿಸಿ, ನಾನು ಕಾರಿಡಾರು ದಾಟಿ ಹೋಗುವಷ್ಟರಲ್ಲಿ ಸರ್ ಹಾಳೆಯನ್ನು ಕೈಗೆತ್ತಿಕೊಂಡಿದ್ದರು. ಅದು ಸುಳ್ಳು ಕೋಶಗಳ ಹಾಳೆ. ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಏನ್ ತಂಗೀ, ಹೊಸಾ ತಂಡದ್ದೇನು ಇದು?" ಎಂದರು. "ಇಷ್ಟು ಸ್ವಚ್ಛ ಗೆರಿ ನಾ ಇನ್ನೂ ನೋಡಿದ್ದಿಲ್ಲ ನೋಡು. ಹಳೇದು ತಗದುಬಿಡು, ಅಧ್ಯಾಯದಾಗ ಇದನ್ನ ಹಾಕು."

ನಾನು ಹಾಳೆಗೆ ಕೈ ಚಾಚಿದೆ. ಅವರು ಅಷ್ಟರಲ್ಲಿ ಫೋನು ತೆಗೆದು ಮನೆಗೆ ಹಚ್ಚಿದರು. "ಕೇಳಿಲ್ಲೆ, ಸಂಜಿಕೆ ಏನರ ಸಿಹಿ ಮಾಡು. ಆ ಹುಡುಗಿ ಮತ್ತ ಛಲೋ ಸುದ್ದಿ ತಂದಾಳ" ಎಂದು ಹೆಂಡತಿಗೆ ಹೇಳಿದರು. ಆ ಕಡೆಯಿಂದ ಏನೋ ಕೇಳಿರಬೇಕು, "ಹೂಂ ಹೂಂ, ಅದ, ಬಡ್ಡೀದು" ಎಂದು ನಕ್ಕರು.

ಫೋನು ಇಟ್ಟ ಮೇಲೆ ಹೇಳಿದೆ. "ಸರ್ರಿ, ಅದು ನಮ್ಮ ಕೋಶಗಳದ್ದಲ್ಲರಿ."

"ಮತ್ತ ಯಾರ್ದು?"

"ನಾನ ಕಂಪ್ಯೂಟರಿನ್ಯಾಗ ಹುಟ್ಟಿಸಿದ್ದರಿ. ಖರೇ ಅಲ್ಲರಿ ಅವು."

ಅವರು ಹಾಳೆಯನ್ನೂ ನನ್ನನ್ನೂ ನೋಡಿದರು. ಬುದ್ಧಿವಂತರು. ಮುಂದಿನದು ಅವರಿಗೆ ಹೊಳೆದಿತ್ತು ಎಂದು ಈಗ ಅನ್ನಿಸುತ್ತದೆ, ಆದರೂ ಕೇಳಿದರು.

"ಯಾವ ಬಡ್ಡಿಗೆ ಬೆಳಸಿದಿ?"

"ಚಕ್ರಬಡ್ಡಿರಿ ಸರ್."

ಹೊರಗೆ ಮಳೆ ಜಿಟಿಜಿಟಿ ಹತ್ತಿತ್ತು. ಸರ್ ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೀಟು ಮಾಡಿದರು, ಅದೇನು ಸುಕ್ಕಾಗಿರಲಿಲ್ಲ. "ನನ್ನ ಮುಂದ ಇನ್ನೊಮ್ಮೆ ಮಾಡು" ಎಂದರು. ಅವರನ್ನು ಕೂಡಿಸಿಕೊಂಡು ಮೊದಲಿನಿಂದ ಮಾಡಿದೆ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಮಾಡಿದೆ. ಬಸ್ಸಿನ ಮಾತು ಹೇಳಿದೆ. ಕೇಳಿ ಹೌದೆಂಬಂತೆ ತಲೆಯಾಡಿಸಿದರು. ಮನೆಗೆ ಹೊರಡುವಾಗ, "ಸಿಹಿ ಮಾಡಂತ ಹೇಳೇನಿ, ಈಗ ಬ್ಯಾಡ ಅಂದ್ರ ಕಾರಣ ಕೇಳ್ತಾಳ" ಎಂದು ಕೊಡೆ ಬಿಚ್ಚಿದರು.

ಎರಡು ದಿನ ಬಿಟ್ಟು ಬಂದಾಗ ಅವರ ಮುಖದಲ್ಲಿ ಮತ್ತೆ ಕಳೆ ಇತ್ತು. ನನಗೆ ಅದನ್ನು ನೋಡಿಯೇ ಭಯವಾಯಿತು. ಡಬ್ಬಿಯ ಗೆರೆ ಹಾಳಾಗಿ ಹೋಗಲಿ, ಅದನ್ನು ಬಿಡೋಣ, ಒಂದೊಂದು ಗಳಿಗೆಗೆ ಕೋಶ ಆಗಿನ ತನ್ನ ಉದ್ದಕ್ಕೆ ನೂರಕ್ಕೆ ಎಷ್ಟರಂತೆ ಬೆಳೆಯುತ್ತಿದೆ ಎಂಬ ದರವನ್ನೇ ನೇರವಾಗಿ ನೋಡೋಣ ಎಂದರು. ಹುಟ್ಟಿ ಇಷ್ಟು ನಿಮಿಷಕ್ಕೆ ಎಲ್ಲ ಕೋಶಗಳ ಸರಾಸರಿ ದರ ಇಷ್ಟು, ಇನ್ನಷ್ಟು ನಿಮಿಷಕ್ಕೆ ಇಷ್ಟು, ಹೀಗೆ. ಚಕ್ರಬಡ್ಡಿಯಾದರೆ ಆ ದರ ಕೊನೆಯವರೆಗೂ ಒಂದೇ ಇರಬೇಕು, ಸರಳಬಡ್ಡಿಯಾದರೆ ಇಳಿಯಬೇಕು. ಮನೆಯಲ್ಲಿ ಕೂತು ಪೆನ್ಸಿಲಿನಿಂದ ತಾವೇ ಚಿತ್ರ ಬರೆದುಕೊಂಡು ಬಂದಿದ್ದರು. ಗೆರೆ ಮೊದಲು ಸಪಾಟಾಗಿ ಹೋಗಿ, ಕೊನೆಕೊನೆಗೆ ಇಳಿದಿತ್ತು.

"ನೋಡು, ಬೀಳಾಕತ್ತೈತಿ" ಎಂದರು. ಆ ದನಿಯಲ್ಲಿ ಆಜ್ಞೆ ಇರಲಿಲ್ಲ, ನೀನೂ ಹೂಂ ಅನ್ನು ಎಂದು ಕೇಳಿಕೊಂಡಂತಿತ್ತು.

ನನಗೆ ಹೂಂ ಅನ್ನಬೇಕೆನ್ನಿಸಿತು. ದೇವರಾಣೆಗೂ ಅನ್ನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ. "ಸರ್ರಿ, ಅಷ್ಟು ಹೊತ್ತಿನ ಮ್ಯಾಲ ಒಡೀದ ಉಳದಿರೂ ಕೋಶ ಯಾವುರಿ?"

ಅವರು ಪೆನ್ಸಿಲನ್ನು ಇಳಿಜಾರಿನ ಮೇಲೆ ಇಟ್ಟರು. "ಲಗೂ ಬೆಳದವು ಒಡದು ಹೋಗಿರತಾವು" ಎಂದರು. ಆಮೇಲೆ ತಾವೇ ನಿಧಾನವಾಗಿ ಮುಗಿಸಿದರು. "ಕಡೀಕ ಉಳದಿರೂವೆಲ್ಲಾ ಮಂದ ಇದ್ದವು. ಮಂದ ಇದ್ದವುನಷ್ಟ ಹಿಡಕೊಂಡು ಸರಾಸರಿ ತಗದರ ಬೀಳೂದ ಮತ್ತ."

ಒಂದೊಂದು ಕೋಶದ ಆಯುಷ್ಯವನ್ನು ಅದರದರ ಪ್ರಕಾರ ಸಮನಾಗಿ ಭಾಗ ಮಾಡಿ, ಕಾಲುಭಾಗ ಬದುಕಿದಾಗ ಎಷ್ಟು ದರ, ಅರ್ಧ ಬದುಕಿದಾಗ ಎಷ್ಟು, ಒಡೆಯುವ ಮೊದಲು ಎಷ್ಟು ಎಂದು ನೋಡುವ ದಾರಿ ಉಳಿದಿತ್ತು. ಅದರಲ್ಲಿ ಎಲ್ಲ ಕೋಶಗಳೂ ಕೊನೆಯವರೆಗೂ ಲೆಕ್ಕದಲ್ಲಿರುತ್ತವೆ, ಯಾರೂ ನಡುವೆ ಬಿಟ್ಟುಹೋಗುವುದಿಲ್ಲ. ಇಬ್ಬರೂ ಕೂತು ಮಾಡಿದೆವು. ಗೆರೆ ಈ ತುದಿಯಿಂದ ಆ ತುದಿಗೆ ಸಪಾಟಾಗಿ ಹೋಯಿತು. ಪುಸ್ತಕದಲ್ಲಿದ್ದಂತೆ, ಅವರನ್ನು ನೋಡಿ ನಕ್ಕವರೆಲ್ಲ ಹೇಳಿದ್ದಂತೆ. ನನಗೆ ಅಳು ಬಂತು, ಅವರ ಎದುರು ಬೇಡವೆಂದು ಮೈಕ್ರೋಸ್ಕೋಪಿನ ಕೋಣೆಗೆ ಹೋಗಿ ನಿಂತೆ. ಅಳುತ್ತಿರುವುದು ಅವರಿಗಾಗಿಯೋ ನನಗಾಗಿಯೋ ಎಂದು ಆಗ ಗೊತ್ತಾಗಲಿಲ್ಲ. ಈಗ ಕೇಳಿದರೆ, ಹೆಚ್ಚಿನದು ನನಗಾಗಿಯೇ.

ಇನ್ನು ನನ್ನ ಪಾಡು. ಅದರ ಮುಂದೆ ಬರುವ, ಮೊದಲೇ ಬರೆದಿಟ್ಟ ಎರಡು ಅಧ್ಯಾಯಗಳು ಸರಳಬಡ್ಡಿ ಖರೆ ಎಂದು ಹಿಡಿದೇ ಬರೆದಂಥವು. ಬುನಾದಿ ಹೋದ ಮೇಲೆ ಗೋಡೆಗೆ ಸುಣ್ಣ ಬಳಿದು ಏನು ಮಾಡುವುದು? ನಮ್ಮ ವಿಭಾಗದಲ್ಲೇ ಇದ್ದ ಕುಲಕರ್ಣಿ ಮೇಡಂ ನನ್ನನ್ನು ಕರೆದು ಕೂಡಿಸಿ ಚಹಾ ಕೊಟ್ಟರು. ಮನಸ್ಸಿನ ತುಂಬ ಒಳ್ಳೆಯವರು. "ತಪ್ಪ ಹೆಂಗಾತು ಅನ್ನೂದನ್ನ ಒಂದು ಅಧ್ಯಾಯ ಮಾಡವಾ, ಅದೂ ವಿದ್ಯಾನ ಅಲ್ಲೇನು?" ಎಂದರು. ನನಗೂ ಜೀವ ಬಂದಂತಾಗಿ ಹುಡುಕಲು ಕೂತೆ. ಹುಡುಕಿದರೆ, ನಾನು ಬಸ್ಸಿನಲ್ಲಿ ಕೂತು ಕಂಡುಕೊಂಡದ್ದನ್ನು ಬೇರೆ ಕಡೆಯವರು ಮೊದಲೇ ಕಂಡುಕೊಂಡು, ನನಗಿಂತ ನೂರು ಪಾಲು ಚೊಕ್ಕಟವಾಗಿ ಬರೆದು ಮುಗಿಸಿದ್ದರು. ಯಾವುದನ್ನು ಕೆಳಗಿಟ್ಟರೆ ಗೆರೆ ಹೇಗೆ ಮೋಸ ಮಾಡುತ್ತದೆ, ಡಬ್ಬಿ ಯಾರನ್ನು ಆರಿಸುತ್ತದೆ, ಕೊನೆಗೆ ಉಳಿದವರಿಂದ ಏನು ತಪ್ಪಾಗುತ್ತದೆ, ಎಲ್ಲ ಇತ್ತು. ನಾವು ಮಾಡಿದ ತಪ್ಪು ಕೂಡ ನಮ್ಮದಾಗಿರಲಿಲ್ಲ.

ಇದನ್ನು ಕೇಳಿ ಮೇಡಂ ದನಿ ತಗ್ಗಿಸಿ ಇನ್ನೊಂದು ದಾರಿ ಹೇಳಿದರು. "ಹಂಗಾರ ಮೇ ತಿಂಗಳದಾಗ ಏನ್ ಬಂದಿತ್ತೋ ಅದನ್ನ ಹಂಗ ಕೊಟ್ಟುಬಿಡು. ಪರೀಕ್ಷಕರು ಗೆರಿ ನೋಡತಾರ, ಡಬ್ಬಿ ಬಿಚ್ಚಿ ನೋಡೂದಿಲ್ಲ. ಅಳತಿ ಏನ್ ಸುಳ್ಳ ಅಲ್ಲಲಾ?"

ಅಳತೆ ಸುಳ್ಳಲ್ಲ ಎಂಬುದು ನಿಜವೇ ಆಗಿತ್ತು. ಸರ್ ಅವರನ್ನು ಕೇಳಿದೆ. "ನಿನ್ನ ಪಿಎಚ್.ಡಿ. ನಿನ್ನ ಕೈಯಾಗ ಐತಿ. ನೀ ತಂದ್ರ ನಾ ಸಹಿ ಮಾಡತೇನಿ" ಎಂದರು. ಕೊಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾಲ್ಕು ಸಲ ಬರೆಯಲು ಕೂತೆ. ಪ್ರತಿ ಸಲವೂ ಮೌಖಿಕ ಪರೀಕ್ಷೆಯಲ್ಲಿ ಯಾರೋ ಒಬ್ಬರು ಕನ್ನಡಕ ಏರಿಸಿ "ಇದನ್ನು ತಿರುಗಿಸಿ ಹಾಕಿ ನೋಡಿದಿರಾ?" ಎಂದು ಕೇಳಿದಂತಾಗುತ್ತಿತ್ತು. ಇಲ್ಲ ಎನ್ನುವುದು ನನ್ನಿಂದ ಆಗುತ್ತಿರಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ಕರೆದುಕೊಳ್ಳಲು ಈಗಲೂ ನನಗೆ ನಾಲಿಗೆ ಹೊರಳುವುದಿಲ್ಲ. ಕೆಲವರಿಗೆ ಹಾಗಲಕಾಯಿ ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟೇ. ಕೊಡಲಿಲ್ಲ.

ಆಷಾಢದ ಕೊನೆಗೆ ಸರ್ ನಿವೃತ್ತರಾದರು. ಸಭಾಂಗಣದ ಒಂದು ಮೂಲೆ ಸೋರುತ್ತಿತ್ತೆಂದು ಕುರ್ಚಿಗಳನ್ನು ಈ ಕಡೆ ಸರಿಸಿ ಹಾಕಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮಾತಾಡಿದವರೊಬ್ಬರು ಪ್ರೀತಿಯಿಂದಲೇ, "ನಮ್ಮ ಸರಳಬಡ್ಡಿ ಮಾಸ್ತರು ಬಿಡೂ ಪೈಕಿ ಅಲ್ಲರಿ, ಇವತ್ತಿಲ್ಲ ನಾಳಿ ಅದನ್ನ ಗೆದ್ದ ತೋರಸ್ತಾರ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಷಯ ಗೊತ್ತಿದ್ದವರು ಅಲ್ಲಿ ಮೂವರೇ. ಮೇಡಂ ತಲೆ ತಗ್ಗಿಸಿದರು. ನಾನು ಸೋರುವ ಮೂಲೆಯನ್ನು ನೋಡಿದೆ. ಸರ್ ಉತ್ತರ ಕೊಡಲು ಎದ್ದು, ಎಲ್ಲರಿಗೂ ಶರಣು ಹೇಳಿ, ಮಳೆ ಹೆಚ್ಚಾಗುವ ಮೊದಲು ಊಟ ಮುಗಿಸಿರೆಂದು ಹೇಳಿ ಕೂತರು. ಪ್ರತಿ ವರ್ಷ ಹೊಸ ಹುಡುಗರಿಗೆ ಗಂಟೆಗಟ್ಟಲೆ ಬಡ್ಡಿಯ ಕಥೆ ಹೇಳುತ್ತಿದ್ದ ಮನುಷ್ಯ ಅವರು.

ನನ್ನ ನೋಂದಣಿ ಅದರ ಪಾಡಿಗೆ ಅದು ಮುಗಿಯಿತು. ಯಾರೂ ಬೈಯಲಿಲ್ಲ, ಯಾರೂ ಕರೆದು ಕೇಳಲಿಲ್ಲ. ಮೈಕ್ರೋಸ್ಕೋಪಿಗೆ ಬಟ್ಟೆ ಮುಚ್ಚಿ ಬಂದೆ. ಅವ್ವ ಮಾತ್ರ ಒಂದು ದಿನ ರೊಟ್ಟಿ ಬಡಿಯುತ್ತ, "ಆತೇನು?" ಎಂದು ಕೇಳಿದಳು. "ಆತು" ಎಂದೆ. ಯಾವ ಅರ್ಥದಲ್ಲಿ ಆಯಿತು ಎಂದು ಅವಳಿಗೆ ನನ್ನ ಮುಖ ನೋಡಿಯೇ ತಿಳಿಯಿತು, ಮುಂದೆ ಕೇಳಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಮಳೆ ನಿಂತು ಹೊಳವಾಗಿತ್ತು. ನನ್ನ ಹತ್ತಿರ ಉಳಿದಿದ್ದ ಸರ್ ಅವರ ಪುಸ್ತಕಗಳನ್ನು ಕೊಟ್ಟು ಬರೋಣವೆಂದು ಮುಗದಕ್ಕೆ ಹೋದೆ. ನಿವೃತ್ತಿಯ ಮೇಲೆ ಅವರು ಹೆಚ್ಚಿನ ಹೊತ್ತು ಅಲ್ಲೇ ಇರುತ್ತಿದ್ದರು. ಅವರ ಹೆಂಡತಿ ಅವಲಕ್ಕಿ ಕೊಟ್ಟು, "ಭಾಳ ಬಡಕಾಗೀಯಲ್ಲವಾ" ಎಂದು ಉಪಚಾರ ಮಾಡಿದರು. ಸರ್ ಪುಸ್ತಕಗಳನ್ನು ತೆರೆಯದೆ ಕಟ್ಟೆಯ ಮೇಲೆ ಇಟ್ಟರು. ಹೊಲದ ಮಾತು, ಭತ್ತದ ಮಾತು, ಆಳು ಸಿಗದ ಮಾತು. ಜೇಬಿನಲ್ಲಿ ಪೆನ್ಸಿಲ್ ಇರಲಿಲ್ಲ. ನನಗೆ ಗೋಕುಲ ರಸ್ತೆಯಲ್ಲಿ ಕೆಲಸ ಸಿಗುವಂತಿದೆ ಎಂದು ಹೇಳಿದೆ. "ಛಲೋ ಆತು" ಎಂದರು. ಟಂಟಂ ರಿಕ್ಷಾ ಹತ್ತಿಸಿ ಬರುತ್ತೇನೆಂದು ರಸ್ತೆಯವರೆಗೆ ನನ್ನ ಜೊತೆ ನಡೆದರು. ಎರಡೂ ಬದಿಗೆ ಭತ್ತದ ಗದ್ದೆಗಳಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು.

ರಸ್ತೆಗೆ ಬಂದು ನಿಂತ ಮೇಲೆ ಗದ್ದೆಯ ಕಡೆ ನೋಡುತ್ತ ಅವರೇ ಮಾತು ತೆಗೆದರು. "ತಂಗೀ, ನೀ ಆವತ್ತ ಆ ಗೆರಿ ತಿರುವಿ ಹಾಕದ ಇದ್ದಿದ್ರ, ನಿನಗ ಡಿಗ್ರಿ ಬರತಿತ್ತು."

"ಹೌದ್ರಿ ಸರ್."

"ನಾನೂ ಇರೂತನಕ ಅದು ಖರೇ ಅಂತ ತಿಳಕೊಂಡು ಆರಾಮ ಇರತಿದ್ದೆ."

"ಹೌದ್ರಿ."

"ಬ್ಯಾಕ್ಟೀರಿಯಾ ತಮ್ಮ ಪಾಡಿಗೆ ತಾವು ಬೆಳೀತಿದ್ದವು. ಯಾರಿಗೂ ಏನೂ ನುಕ್ಸಾನ ಇದ್ದಿದ್ದಿಲ್ಲ."

ಇಂಥ ಮಾತಿನ ಹಿಂದೆಯೇ ಒಂದು 'ಆದರೂ' ಬರುತ್ತದೆ. ಹಿರಿಯರು ಅದನ್ನು ಹೇಳಿಯೇ ಹೇಳುತ್ತಾರೆ, ಆದರೂ ನೀ ಮಾಡಿದ್ದು ಸರಿ ಐತಿ ಎನ್ನುತ್ತಾರೆ. ಆ ಒಂದು ಮಾತು ಸಿಕ್ಕರೆ ಸಾಕೆಂದೇ ನಾನು ಮುಗದಕ್ಕೆ ಬಂದಿದ್ದೆ ಎಂದು ಅಲ್ಲಿ ನಿಂತಾಗ ನನಗೆ ತಿಳಿಯಿತು, ಪುಸ್ತಕಗಳು ಬರೀ ನೆವ. ಕಾದೆ. ಅವರೂ ಏನೋ ಹೇಳುವವರಂತೆ ಒಮ್ಮೆ ಗಂಟಲು ಸರಿಮಾಡಿಕೊಂಡರು. ದೂರದಿಂದ ಟಂಟಂ ಬಂತು. ಸರ್ ಕೈ ಮಾಡಿ ನಿಲ್ಲಿಸಿ, ಒಳಗೆ ಬಗ್ಗಿ ನೋಡಿದರು.

"ಹಿಂದ ಜಾಗಾ ಐತಿ, ಹತ್ತು" ಎಂದರು.